ತೂಕ ಇಳಿಸುವ ಗುತ್ತಿಗೆ ಮೊಗುಡಂಪಲ್ಲಿಗೆ ಬೇಕೆ?

ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ಸಂಸ್ಥೆಗಳಿಗೆ ಹಣ ಕೊಟ್ಟು ಊರಿನ ವಯಸ್ಕರಿಗೆ ತೂಕ ಇಳಿಸುವ ತರಗತಿ ನಡೆಸುತ್ತವೆ. 2016ರಲ್ಲಿ ಜಹೀರಾಬಾದಿನಿಂದ ಒಡೆದು ಹೊಸದಾದ, ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುವ ತೆಲಂಗಾಣದ ಗಡಿ ಮಂಡಲ ಮೊಗುಡಂಪಲ್ಲಿಯಲ್ಲೂ ಸರ್ಕಾರ ಇಂಥದ್ದೊಂದು ಸೇವೆಯನ್ನು ಗುತ್ತಿಗೆಗೆ ಕೊಟ್ಟು ನಡೆಸಬೇಕೆ?

ಪರ

ಹಳ್ಳಿಯಲ್ಲಿ ಎಲ್ಲಿಯ ಬೊಜ್ಜು ಎಂದು ನಗುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಲಂಗಾಣದ ನೂರಕ್ಕೆ 30 ಹೆಂಗಸರು, 32 ಗಂಡಸರು ಅತಿತೂಕದವರು. ಇಡೀ ದೇಶದ ಲೆಕ್ಕ 24 ಮತ್ತು 23. ಅತಿತೂಕ ಎಂದರೆ ಭಾರೀ ಮೈಯೇ ಆಗಬೇಕಿಲ್ಲ. ಐದಡಿ ಎತ್ತರದ ಹೆಂಗಸು 58 ಕೆಜಿ ದಾಟಿದರೆ ಈ ಲೆಕ್ಕಕ್ಕೆ ಸೇರಿದಳು. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಜೋಳ ಬಿತ್ತುತ್ತಿದ್ದ ಎಷ್ಟೋ ನೆಲಕ್ಕೆ ಕಬ್ಬು ಬಂತು, ಎರಡೂ ಹೊತ್ತಿನ ಊಟಕ್ಕೆ ಅನ್ನ ಬಂತು. ಮೈ ಮಾತ್ರ ಹಳೆಯದೇ.

ಪಲ್ಲೆ ದವಾಖಾನೆ ಎನ್ನುವ ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ನೋಡುತ್ತಾರೆ, ಗುಳಿಗೆ ಕೊಡುತ್ತಾರೆ. ಬುದ್ಧಿಮಾತು ಎರಡೇ: ‘ಅನ್ನ ಕಮ್ಮಿ ಮಾಡ್ರಿ, ತಿರುಗಾಡ್ರಿ.’ ಎಷ್ಟು ಕಮ್ಮಿ? ಅದರ ಬದಲು ಏನು ಉಣ್ಣಬೇಕು? ದಿನಕ್ಕೆ ಐದು ಸಲ ಕುಡಿಯುವ ಚಹಾದ ಸಕ್ಕರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಹೊಸ ಸೊಸೆ ಬೆಳಿಗ್ಗೆ ರಸ್ತೆಯಲ್ಲಿ ಸುಮ್ಮನೆ ನಡೆದಾಡಿದರೆ ಊರು ಏನನ್ನುತ್ತದೆ? ಇದನ್ನೆಲ್ಲ ಕೂತು ಮಾತಾಡಲು ಸರದಿಯಲ್ಲಿ ನಲವತ್ತು ಜನರನ್ನು ನಿಲ್ಲಿಸಿಕೊಂಡ ನರ್ಸಮ್ಮನಿಗೆ ಪುರಸತ್ತಿಲ್ಲ.

ಕೂತು ಮಾತಾಡಿದರೆ ಫಲವಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಅವರ ಪಾಡಿಗೆ ಬಿಟ್ಟಾಗ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆಯ ಬಗ್ಗೆ ಬೆನ್ನುಹತ್ತಿ ತಿಳಿಹೇಳಿಸಿಕೊಂಡವರಲ್ಲಿ ಅದು 39ಕ್ಕೆ ನಿಂತಿತು. ತಿಂಗಳಿಗೊಮ್ಮೆ ಹೇಗೂ ಸೇರುವ ಮಹಿಳಾ ಸಂಘಗಳೇ ಇದಕ್ಕೆ ಜಾಗ. ಮಾತು ಮನೆಯ ಭಾಷೆಯಲ್ಲಿರಲಿ, ಕನ್ನಡದವರಿಗೆ ಕನ್ನಡದಲ್ಲಿ.

ಗುತ್ತಿಗೆಯೇ ಏಕೆ ಎಂದರೆ, ಗುತ್ತಿಗೆ ಇಲ್ಲದಿದ್ದರೆ ಈ ಕೆಲಸವೂ ಆಶಾ ಕಾರ್ಯಕರ್ತೆಯ ತಲೆಗೇ ಬೀಳುತ್ತದೆ, ಪಗಾರಿಲ್ಲದೆ. ಕರಾರು ಬರೆದರೆ ಎಷ್ಟು ಜನ ಬಂದರು, ಆರು ತಿಂಗಳ ಮೇಲೆ ಎಷ್ಟು ಜನ ಉಳಿದರು ಎಂದು ಕೇಳಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ.

ವಿರೋಧ

ಚೆನ್ನೈ ಅಧ್ಯಯನದ ಅರ್ಧ ಮಾತನ್ನು ಪರ ವಾದದವರು ನುಂಗಿದ್ದಾರೆ. ಅಲ್ಲಿ ಕಾಯಿಲೆ ಕಮ್ಮಿಯಾಯಿತು, ತೂಕ ಇಳಿಯಲಿಲ್ಲ. ಹಾಗಿದ್ದ ಮೇಲೆ ತೂಕ ಇಳಿಸುವುದಕ್ಕೇ ಗುತ್ತಿಗೆ ಏಕೆ?

ತೂಕ ಇಳಿಸುವ ತರಗತಿಗಳ ಬಗ್ಗೆ ಇಂಗ್ಲೆಂಡಿನಲ್ಲೇ ನಡೆದ ಪ್ರಯೋಗವನ್ನು ನೋಡೋಣ. ಹನ್ನೆರಡು ವಾರ ತರಗತಿಗೆ ಕಳಿಸಲಾದವರು ಒಂದು ವರ್ಷದ ಹೊತ್ತಿಗೆ ಸರಾಸರಿ 4.75 ಕೆಜಿ ಇಳಿದಿದ್ದರು; ಐದು ವರ್ಷದ ಮೇಲೆ ಉಳಿದದ್ದು 2 ಕೆಜಿಗೂ ಕಮ್ಮಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನೆರೆಹೊರೆಯವರನ್ನೇ ಗುಂಪು ಮಾಡಿ ನಡೆಸಿದ ಕಾರ್ಯಕ್ರಮದಲ್ಲಿ ಎರಡು ವರ್ಷಕ್ಕೆ ಮಧುಮೇಹ ಬಂದವರು ನೂರಕ್ಕೆ 14.9, ಕಾರ್ಯಕ್ರಮ ಇಲ್ಲದ ಕಡೆ 17.1. ಅಂತರ ಗಟ್ಟಿಯಾಗಿ ನಿಲ್ಲುವಷ್ಟಿರಲಿಲ್ಲ. ಕೇರಳದಲ್ಲೇ ಹೀಗೆ!

ಪರ ವಾದದವರು ಹೇಳಿದ ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ತೆಲಂಗಾಣದ ನೂರಕ್ಕೆ 19 ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಅತಿತೂಕದ ಹೆಂಗಸರು ನೂರಕ್ಕೆ 30 ಎಂಬ ಲೆಕ್ಕದಲ್ಲಿ ಹೈದರಾಬಾದೂ ಸೇರಿದೆ ಎಂಬುದನ್ನು ಮರೆಯಬಾರದು. ಹಗಲಲ್ಲಿ ತರಗತಿ ಇಟ್ಟರೆ ಬರುವವರು ಯಾರು? ಕೂಲಿಗೆ ಹೋದವಳಲ್ಲ. ಕಿಲೋ ಲೆಕ್ಕದಲ್ಲಿ ಹಣ ಕೊಟ್ಟರಂತೂ ಬೇಗ ಇಳಿಯುವವರನ್ನೇ ಗುತ್ತಿಗೆದಾರ ಆರಿಸಿಕೊಳ್ಳುತ್ತಾನೆ. ಅಳತೆಯ ಪಾಡನ್ನೂ ನೋಡಿ. ಆಶಾ ಕಾರ್ಯಕರ್ತೆಯ ತಪಾಸಣೆ ಫಾರ್ಮಿನಲ್ಲಿ ಸೊಂಟದ ಸುತ್ತಳತೆಗೆ ಅಪಾಯದ ಅಂಕವಿದೆ: ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಒಂದು, 90 ದಾಟಿದರೆ ಎರಡು. ನಾಲ್ಕು ಜನರೆದುರು ಯಾರೂ ಸೀರೆ ಸಡಿಲಿಸುವುದಿಲ್ಲ. ಟೇಪು ಸುತ್ತುವುದು ನೆರಿಗೆಯ ಮೇಲೆಯೇ. ಬಟ್ಟೆಯ ದಪ್ಪ ಮೈಯ ದಪ್ಪವಾಗಿ ಫಾರ್ಮಿಗೆ ಹೋಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. 2025ರ ಯುಗಾದಿಯಿಂದ ರೇಷನ್ ಅಂಗಡಿಯಲ್ಲಿ ತಲೆಗೆ ಆರು ಕಿಲೋ ಸಣ್ಣಕ್ಕಿ ಪುಕ್ಕಟೆ. ಹಸಿದವರಿಗೆ ಅದು ಬೇಕು, ಸರಿ. ಆದರೆ ಒಂದು ಕೈಯಿಂದ ಅಕ್ಕಿಯನ್ನೇ ಅಳೆದು ಕೊಟ್ಟು, ಇನ್ನೊಂದು ಕೈಯಿಂದ ‘ಅನ್ನ ಕಮ್ಮಿ ಮಾಡ್ರಿ’ ಎಂದು ಹೇಳಲು ಗುತ್ತಿಗೆದಾರನನ್ನು ಹಿಡಿಯುವುದು ಯಾವ ನ್ಯಾಯ? ಬೇರೆ ದಾರಿ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಪಕ್ಕದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು, ಹೆಚ್ಚಿನವರು ದಲಿತರು, 1990ರ ದಶಕದಲ್ಲೇ ಪಾಳು ಹೊಲ ಹದಮಾಡಿ ಜೋಳ ಬೆಳೆದರು. ಊರಿನ ಬಡವರಿಗೆ ಅಗ್ಗದಲ್ಲಿ ಹಂಚುವ ತಮ್ಮದೇ ಪಡಿತರ ಕಟ್ಟಿದರು. ಅದಕ್ಕೆ ಬೆನ್ನೆಲುಬಾಗಿದ್ದ, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ಜೋಳದ ರೊಟ್ಟಿಯೂ ಆರಾರು ತಿಂದರೆ ಮೈಗೆ ಹತ್ತುತ್ತದೆ, ಒಪ್ಪಿದೆ. ಆದರೆ ರೊಟ್ಟಿಯೋ ಅನ್ನವೋ ಎಂದು ಆರಿಸಿಕೊಳ್ಳಲು ಮೊದಲು ಮನೆಯಲ್ಲಿ ಜೋಳ ಇರಬೇಕಲ್ಲ.

ಗುತ್ತಿಗೆ ಕೊಟ್ಟೇ ತೀರುತ್ತೇವೆ ಎನ್ನುವುದಾದರೆ ಹಣವನ್ನು ಕಿಲೋಗೆ ಕಟ್ಟಬೇಡಿ. ಕೊನೆಯ ಕಂತನ್ನು ಎರಡು ವರ್ಷ ತಡೆಹಿಡಿದು, ಬಂದವರ ಶುಗರ್ ಲೆಕ್ಕ ನೋಡಿ ಕೊಡಿ. ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ತೆಲುಗಿನ ಜೊತೆಗೆ ಕನ್ನಡದಲ್ಲೂ ಓದಿ.