ಕೆಮ್ಮಣ್ಣು, ಕಾಡಿಗೆ, ಸುಣ್ಣ

ಹಂಪೆಗೆ ಹೋಗಿ ವಿರೂಪಾಕ್ಷಸ್ವಾಮಿಯ ದರ್ಶನವನ್ನು ಮಾಡಿಕೊಂಡು ಬಂದವರು ನಮ್ಮ ವಾಚಕರಲ್ಲಿ ಬಹುಮಂದಿ ಇರುವರು. ಅವರಲ್ಲಿ ರಂಗಮಂಟಪದ ನಡುವೆ ನಿಂತು ಕತ್ತೆತ್ತಿ ಮೇಲಕ್ಕೆ ನೋಡಿದವರು ಎಷ್ಟು ಮಂದಿ? ಗರ್ಭಗುಡಿಯ ಕಡೆಗೆ ಜನ ನೂಕುತ್ತಿರುವಾಗ, ಒಂದು ಕೈಯಲ್ಲಿ ಹಣ್ಣುಕಾಯಿಯ ತಟ್ಟೆಯೂ ಕಂಕುಳಲ್ಲಿ ಮಗುವೂ ಇರುವಾಗ, ಚಾವಣಿಯನ್ನು ನೋಡುತ್ತ ನಿಲ್ಲುವುದಕ್ಕೆ ಯಾರಿಗೂ ಪುರಸತ್ತಿಲ್ಲ, ನಿಜ. ಆದರೂ ಆ ಚಾವಣಿಯ ತುಂಬ ಚಿತ್ರಗಳಿವೆ. ಮತ್ಸ್ಯಯಂತ್ರಕ್ಕೆ ಗುರಿಯಿಟ್ಟು ನಿಂತ ಅರ್ಜುನ, ತ್ರಿಪುರಗಳನ್ನು ಸುಡಲು ರಥವೇರಿದ ಶಿವ, ತಪಸ್ಸಿನಲ್ಲಿ ಕುಳಿತ ಅದೇ ಶಿವನ ಮೇಲೆ ಹೂಬಾಣವನ್ನು ಹೂಡಿರುವ ಮನ್ಮಥ, ಗಿರಿಜಾಕಲ್ಯಾಣ, ಆನೆ ಕುದುರೆ ಒಂಟೆಗಳ ಮೆರವಣಿಗೆಯಲ್ಲಿ ಪಲ್ಲಕ್ಕಿಯೇರಿ ಬರುತ್ತಿರುವ ವಿದ್ಯಾರಣ್ಯರು.

ಆ ಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ 1510ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿದುಬರುವುದು. ಚಿತ್ರಗಳ ಕಾಲದ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಜಯನಗರದ ಕಾಲದವೇ ಎಂದು ಕೆಲವರೂ, ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಬರೆದವೆಂದು ಕೆಲವರೂ ವಾದಿಸುವರು. ಈ ವಾದದಲ್ಲಿ ನಾವು ಯಾವ ಪಕ್ಷವನ್ನೂ ಹಿಡಿಯಲಾರೆವು. ರಾಯನ ಹೆಸರು ಕಲ್ಲಿನ ಮೇಲೆ ಉಳಿಯಿತು, ಚಿತ್ರ ಬರೆದವನ ಹೆಸರು ಉಳಿಯಲಿಲ್ಲ ಎಂಬುದೊಂದೇ ನಮ್ಮ ಮನಸ್ಸಿಗೆ ಹತ್ತುವ ಸಂಗತಿ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಮರದ ಬೊಂಬೆಗಳಿಗೆ ಇಂದಿಗೂ ಬಣ್ಣ ತುಂಬುತ್ತಿರುವ ಚಿತ್ರಗಾರರ ಮನೆತನಗಳಲ್ಲಿ, ತಮ್ಮ ಹಿರಿಯರು ವಿಜಯನಗರಕ್ಕೆ ಕೆಲಸ ಮಾಡಿದವರು ಎಂಬ ಮಾತು ನಡೆದುಬಂದಿದೆ. ಹೆಸರಿಲ್ಲದ ಆ ಕೈಗೆ ಅಷ್ಟಾದರೂ ನಂಟರು ಸಿಕ್ಕಿದರಲ್ಲಾ ಎಂದು ನಮಗೆ ಸಮಾಧಾನ.

ಈ ತಿಂಗಳು ಚಿತ್ರದ ಮಾತನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಸಂಸಾರವೆಂದ ಮೇಲೆ ಮನಸ್ಸು ಬಳಲುವ ಕಾಲಗಳು ಬಂದೇ ಬರುವುವು. ಮಕ್ಕಳು ದೂರದ ಊರು ಸೇರಿ ಮನೆ ಬರಿದಾಗುವುದು. ಯಜಮಾನರು ಉದ್ಯೋಗದಿಂದ ನಿವೃತ್ತರಾಗಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೆಂದು ತೋಚದೆ ಪಡಸಾಲೆಯಲ್ಲಿ ಅಡ್ಡಾಡುವರು. ಕಾಯಿಲೆ ಬಿದ್ದು ಎದ್ದವರಿಗೆ ದೇಹ ಬಂದರೂ ಉತ್ಸಾಹ ಬಾರದು. ಸತ್ತವರ ನೆನಪಿನಲ್ಲಿ ರಾತ್ರಿಗಳು ಮುಗಿಯುವುದಿಲ್ಲ. ಇಂಥವರಿಗೆ ಪುರಾಣವನ್ನು ಓದಿರಿ, ತೋಟದಲ್ಲಿ ಕೈಯಾಡಿಸಿರಿ ಎಂದು ಹೇಳುವವರುಂಟು. ಅದು ಸರಿಯಾದ ಮಾತೇ. ಅದರೊಡನೆ ಒಂದು ಕುಂಚವನ್ನೂ ಮೂರು ಬಟ್ಟಲು ಬಣ್ಣವನ್ನೂ ಕೈಗೆ ತೆಗೆದುಕೊಳ್ಳಿರಿ ಎಂದು ನಾವು ಹೇಳಬೇಕೆಂದಿದ್ದೇವೆ. ಹೇಳಿದೊಡನೆ ಬರುವ ಉತ್ತರವೂ ನಮಗೆ ಗೊತ್ತು: “ಅಯ್ಯೋ, ನಮಗೆ ಚಿತ್ರ ಬರೆಯಲು ಬಾರದು.”

ಬಾರದೆಂಬುದು ಇಲ್ಲಿ ಅಡ್ಡಿಯೇ ಅಲ್ಲ. 2016ರಲ್ಲಿ ಅಮೆರಿಕಾ ದೇಶದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದವರು 39 ಮಂದಿ ವಯಸ್ಕರನ್ನು ಕೂರಿಸಿ 45 ನಿಮಿಷಗಳ ಕಾಲ ಮನಸ್ಸಿಗೆ ಬಂದಂತೆ ಬಣ್ಣ, ಕಾಗದ, ಜೇಡಿಮಣ್ಣುಗಳಲ್ಲಿ ಕೆಲಸ ಮಾಡಿಸಿದರು. ಮೊದಲೂ ಆಮೇಲೂ ಅವರ ಜೊಲ್ಲನ್ನು ಪರೀಕ್ಷಿಸಿದಾಗ, ಮನಸ್ಸಿನ ಒತ್ತಡದೊಡನೆ ಏರುವ ಕಾರ್ಟಿಸಾಲ್ ಎಂಬ ರಸವು ನಾಲ್ವರಲ್ಲಿ ಸುಮಾರು ಮೂವರಿಗೆ ಇಳಿದಿತ್ತು. ಅವರಲ್ಲಿ ಮೊದಲೇ ಚಿತ್ರ ಕಲಿತವರಿಗೂ ಎಂದೂ ಕುಂಚ ಹಿಡಿಯದವರಿಗೂ ಈ ವಿಷಯದಲ್ಲಿ ಭೇದ ಕಾಣಲಿಲ್ಲ. 39 ಮಂದಿ ಎಂಬುದು ಅಲ್ಪಸಂಖ್ಯೆ. ಇದೊಂದರಿಂದಲೇ ಸಿದ್ಧಾಂತವನ್ನು ಕಟ್ಟುವುದು ತರವಲ್ಲ. ಆದರೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆಯವರು 3,000ಕ್ಕೂ ಮಿಕ್ಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ರೋಗವನ್ನು ತಡೆಯುವುದರಲ್ಲಿಯೂ ರೋಗಿಯನ್ನು ಸುಧಾರಿಸುವುದರಲ್ಲಿಯೂ ಕಲೆಗಳಿಗೆ ಪಾತ್ರವುಂಟೆಂದು ವರದಿ ಮಾಡಿರುವರು.

ಇದಕ್ಕಿಂತ ನಮಗೆ ಮೆಚ್ಚಿಕೆಯಾದುದು ಏಡ್ರಿಯನ್ ಹಿಲ್ ಎಂಬ ಇಂಗ್ಲೆಂಡಿನ ಚಿತ್ರಗಾರನ ವೃತ್ತಾಂತ. ಈತನು 1938ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮವನ್ನು ಸೇರಿದನು. ಆಗ ಕ್ಷಯಕ್ಕೆ ತಕ್ಕ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಶುದ್ಧವಾದ ಗಾಳಿ, ಹಾಸಿಗೆ, ಕಾಯುವಿಕೆ, ಇಷ್ಟೇ ಚಿಕಿತ್ಸೆ. ಆ ಕಾಯುವಿಕೆಯನ್ನು ಕಳೆಯಲೆಂದು ಹಿಲ್ ಹಾಸಿಗೆಯ ಮೇಲೆಯೇ ಕಣ್ಣೆದುರಿನ ಚಿಲ್ಲರೆ ವಸ್ತುಗಳನ್ನು ಬರೆಯತೊಡಗಿ, ಅದರಿಂದ ತನಗಾದ ಸಮಾಧಾನವನ್ನು ಕಂಡು ಮಿಕ್ಕ ರೋಗಿಗಳಿಗೂ ಅಭ್ಯಾಸ ಮಾಡಿಸಿದನು. ಚಿತ್ರದ ಮೂಲಕ ಮಾಡುವ ಈ ಉಪಚಾರಕ್ಕೆ ‘ಕಲಾಚಿಕಿತ್ಸೆ’ ಎಂಬ ಅರ್ಥದ ಹೆಸರನ್ನು 1942ರಲ್ಲಿ ಇಟ್ಟವನೂ ಆತನೇ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು. ಚಿತ್ರವು ಕ್ಷಯದ ಕ್ರಿಮಿಯನ್ನು ಕೊಲ್ಲಲಾರದು. ಸಕ್ಕರೆಕಾಯಿಲೆಯನ್ನು ಇಳಿಸುವುದು ವೈದ್ಯರ ಕೆಲಸ. ಬಣ್ಣ ಬಳಿದು ಸಕಲ ರೋಗವನ್ನೂ ಗುಣಪಡಿಸುತ್ತೇವೆಂದು ಯಾರಾದರೂ ಹೇಳಿ ಹಣ ಕೇಳಿದರೆ ಬಾಗಿಲು ಹಾಕಿಕೊಳ್ಳುವುದೇ ಲೇಸು. ಮನಸ್ಸಿನ ದುಗುಡವೂ ವಾರಗಟ್ಟಲೆ ಬಿಡದೆ ಊಟ ನಿದ್ದೆಗಳನ್ನು ಕೆಡಿಸಿದರೆ ವೈದ್ಯರ ಬಳಿಗೆ ಹೋಗತಕ್ಕದ್ದು. ಕುಂಚವು ಮದ್ದಿನ ಜೊತೆಗಿರಲಿ; ಮದ್ದಿನ ಸ್ಥಾನದಲ್ಲಿ ಬೇಡ.

ಹಾಗಾದರೆ ಅದು ಮಾಡುವ ಉಪಕಾರವಾದರೂ ಯಾವುದು? ದುಃಖಿಯ ಮನಸ್ಸು ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತಿರುವುದು. ಸುಮ್ಮನಿರೆಂದರೆ ನಿಲ್ಲದು; ಬುದ್ಧಿ ಹೇಳಿದಷ್ಟೂ ಇನ್ನಷ್ಟು ಸುತ್ತುವುದು. ಹಿತ್ತಲಿನ ಬಾಳೆಯ ಎಲೆಯೊಂದನ್ನು ನೋಡಿ ಬರೆಯತೊಡಗಿರಿ. ದಿಂಡಿನಿಂದ ನರಗಳು ಯಾವ ಓರೆಯಲ್ಲಿ ಹೊರಟಿವೆ, ಗಾಳಿಗೆ ಸೀಳಿದ ಅಂಚು ಎಲ್ಲಿ ಮಡಿಸಿದೆ, ಬಿಸಿಲು ಹಾದುಬಂದ ಕಡೆ ಹಸುರು ಏಕೆ ಹಳದಿಯಾಗಿದೆ ಎಂದು ಕಣ್ಣು ಹುಡುಕುವಷ್ಟು ಹೊತ್ತೂ ಎತ್ತು ಗಾಣವನ್ನು ಬಿಟ್ಟು ಮೇಯುತ್ತಿರುವುದು. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವರು ದಿನಕ್ಕೆರಡು ಸಲ ಬಾಳೆಲೆಯಲ್ಲಿ ಉಂಡವರಾದರೂ ಅದರ ನರಗಳನ್ನು ನೋಡಿದವರಲ್ಲ. ಬರೆದಾಗಲೇ ಕಾಣುವುದು. ಬರೆದ ಎಲೆ ಎಲೆಯಂತಿದೆಯೋ ಹಾರೆಯಂತಿದೆಯೋ ಎಂಬುದು ಆಮೇಲಿನ ಪ್ರಶ್ನೆ.

ಇನ್ನು ಬಣ್ಣದ ಮಾತು. ಬಣ್ಣದ ಪೆಟ್ಟಿಗೆಗೆ ದುಡ್ಡು ಬೇಕಲ್ಲವೇ ಎನ್ನುವ ಗೃಹಿಣಿಯರು ತಮ್ಮ ಹೊಸ್ತಿಲನ್ನೇ ನೋಡಿಕೊಳ್ಳಲಿ. ಹಬ್ಬ ಬಂದರೆ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ. ಮಕ್ಕಳ ಕಣ್ಣಿಗೆ ದೀಪದ ಕಾಡಿಗೆ. ಕೆಂಪು, ಬಿಳುಪು, ಕಪ್ಪು ಮೂರೂ ನಮ್ಮ ಹಳೆಯ ಮನೆಗಳಲ್ಲಿಯೇ ಇದ್ದುವು. ವಿರೂಪಾಕ್ಷನ ಚಾವಣಿಯಲ್ಲಿ ಎದ್ದು ಕಾಣುವುದೂ ಹೆಚ್ಚು ಕಡಮೆ ಇದೇ ಬಳಗ: ಕಾವಿಯ ಕೆಂಪು, ಹಳದಿಮಣ್ಣು, ಬಿಳುಪು, ತುಸು ಹಸುರು, ಇವೆಲ್ಲವನ್ನೂ ಹಿಡಿದು ಕಟ್ಟಿರುವ ಕಪ್ಪು ಗೆರೆ.

ಕೆಮ್ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣ. ಸಂಡೂರಿನ ಬೆಟ್ಟಗಳಲ್ಲಿ ಅದಿರಾಗಿ ಕುಳಿತಿರುವ ವಸ್ತುವೂ ಇದೇ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬಂಡೆಗಳ ಮರೆಯಲ್ಲಿ ಇತಿಹಾಸಕ್ಕೂ ಹಿಂದಿನ ಜನ ಮನುಷ್ಯರನ್ನೂ ಮೃಗಗಳನ್ನೂ ಬರೆದುದು ಇಂಥ ಕೆಂಪಿನಲ್ಲಿಯೇ. ಅಷ್ಟು ಮಳೆಗಾಲಗಳು ಕಳೆದರೂ ಅದು ಮಾಸಿಲ್ಲ. ಹಳದಿಮಣ್ಣಿನಲ್ಲಿರುವುದೂ ಕಬ್ಬಿಣವೇ. ಅದನ್ನು ಹಂಚಿನ ಮೇಲೆ ಚೆನ್ನಾಗಿ ಸುಟ್ಟರೆ ಅದರಲ್ಲಿಯ ನೀರಿನಂಶ ಹೋಗಿ ಕೆಂಪಾಗುವುದನ್ನು ಮಕ್ಕಳಿಗೆ ತೋರಿಸಬಹುದು. ಸಂಡೂರಿನ ಮಣ್ಣನ್ನು ಟನ್ನುಗಟ್ಟಲೆ ಅಗೆದು ಸಾಗಿಸಿದ ಭರಾಟೆ ಎಷ್ಟಕ್ಕೆ ಮುಟ್ಟಿತೆಂದರೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಚಿತ್ರಕ್ಕೆ ಬೇಕಾದುದು ಒಂದು ಹಿಡಿ. ಅದನ್ನೂ ಗಣಿಯ ಧೂಳಿನಿಂದ ಎತ್ತಬೇಡಿರಿ. ಆ ಸೀಮೆಯಲ್ಲಿ ಮ್ಯಾಂಗನೀಸ್ ಅದಿರೂ ಇದೆ, ಅದರ ಧೂಳು ಉಸಿರಿನಲ್ಲಿ ಸೇರಿದರೆ ನರಗಳಿಗೆ ಕೇಡು. ಅಂಗಡಿಯ ಕೆಮ್ಮಣ್ಣು ಸಾಕು.

ಮಣ್ಣನ್ನು ಬಣ್ಣ ಮಾಡುವ ಕ್ರಮ ಹೀಗೆ. ಒಂದು ಚೊಂಬು ನೀರಿನಲ್ಲಿ ಹಿಡಿ ಕೆಮ್ಮಣ್ಣನ್ನು ಕದಡಿ ನೂರು ಎಣಿಸುವಷ್ಟು ಹೊತ್ತು ಬಿಡಬೇಕು. ಮರಳು ತಳಕ್ಕಿಳಿಯುವುದು. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯೆಲ್ಲ ಅಲುಗಿಸದಿದ್ದರೆ ಬೆಳಗಿಗೆ ಬೆಣ್ಣೆಯಂಥ ನುಣುಪಾದ ಮಣ್ಣು ಅಡಿಯಲ್ಲಿ ಕುಳಿತಿರುವುದು; ತಿಳಿನೀರನ್ನು ಚೆಲ್ಲಿ ಅದನ್ನು ನೆರಳಿನಲ್ಲಿ ಒಣಗಿಸಿಡಬೇಕು. ಬರೆಯುವಾಗ ನೀರಿನಲ್ಲಿ ನೆನೆಸಿದ ಜಾಲಿಯ ಅಂಟನ್ನು ಸ್ವಲ್ಪ ಸೇರಿಸಿ ಬೆರಳಿನಿಂದ ಮಸೆದುಕೊಳ್ಳಬೇಕು. ಅಂಟು ಕಡಮೆಯಾದರೆ ಒಣಗಿದ ಮೇಲೆ ಬಣ್ಣ ಕೈಗೆ ಹತ್ತುವುದು, ಹೆಚ್ಚಾದರೆ ಬಿರಿಯುವುದು. ಎರಡು ಮೂರು ಸಲ ಕೆಡಿಸಿದ ಮೇಲೆ ಹದ ತಾನೇ ತಿಳಿಯುವುದು. ಅರಿಸಿನವನ್ನು ಮಾತ್ರ ನಂಬಬೇಡಿರಿ. ಮೊದಲ ದಿನ ಬಂಗಾರದಂತಿದ್ದು ಬಿಸಿಲಿಗೆ ಬಿಳಿಚಿಕೊಳ್ಳುವುದು. ಸುಣ್ಣ ತಾಕಿತೋ, ಕೆಂಪಾಗಿ ಕುಳಿತುಕೊಳ್ಳುವುದು.

ಮನೆಯೊಳಗೆ ಕೈ ಕುದುರಿದ ಮೇಲೆ ಹೊರಗೆ ಹೊರಡಬಹುದು. ನಮ್ಮ ಸೀಮೆಯಲ್ಲಿ ಬರೆಯುವವರಿಗೆ ಬರಗಾಲವಿಲ್ಲ. ಕಂಪ್ಲಿಯ ಹೊಳೆಯಂಚಿನಲ್ಲಿ ವಿಜಯನಗರದ ಕಾಲದ ಕಾಲುವೆಗಳ ನೀರುಂಡು ಬೆಳೆಯುವ ಗದ್ದೆಗಳಿವೆ. ಹೊಸಬರು ಅಂಗಡಿಯ ಹಸುರನ್ನು ತಂದು ಗದ್ದೆಗೆಲ್ಲ ಒಂದೇ ಸಮನೆ ಬಳಿದುಬಿಡುವರು. ಅದು ಗಿಳಿಯ ಬಣ್ಣವಾಗುವುದೇ ಹೊರತು ನೆಲ್ಲಿನದಾಗದು. ಹಳದಿಮಣ್ಣಿಗೆ ಒಂದು ತೊಟ್ಟು ಕಾಡಿಗೆಯನ್ನು ಬೆರಸಿ ನೋಡಿರಿ. ಆಶ್ಚರ್ಯವೆನಿಸಿದರೂ ಅದು ಹಸುರೇ, ತೆನೆ ಬಲಿಯುವ ಕಾಲದ ಗದ್ದೆಯ ಹಸುರು.

ಹಂಪೆಯ ಬಂಡೆಗಳನ್ನು ಬರೆಯುವವರು ಬೆಳಗ್ಗೆ ಒಂಬತ್ತರೊಳಗೆ ಹೇಮಕೂಟವನ್ನೇರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳೆಲ್ಲ ಒಂದಾಗಿ ಹುರಿಗಡಲೆಯ ರಾಶಿಯಂತೆ ಕಾಣುವುವು. ಬೆಳಗಿನಲ್ಲಾದರೋ ಒಂದೊಂದರ ಮಗ್ಗುಲಿನಲ್ಲಿಯೂ ನೆರಳು ಬಿದ್ದಿರುವುದು. ಬಂಡೆಯನ್ನು ಬರೆಯದೆ ಆ ನೆರಳನ್ನು ಮಾತ್ರ ಬರೆದರೆ ಬಂಡೆ ತಾನಾಗಿ ಎದ್ದು ಕೂರುವುದು. ಬಿಸಿಲೇರಿದಾಗ ಗುಡಿಯೊಳಕ್ಕೆ ಹೋಗಿ, ಸಣ್ಣ ಕಿಂಡಿಯೊಂದರಿಂದ ಬಂದ ಬೆಳಕು ಹಿಂದಿನ ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಬರೆದಿರುವುದನ್ನೂ ನೋಡಬಹುದು. (ಅಲ್ಲಿಯ ಕಂಬಗಳ ಮೇಲೆ ಮೊಳೆಯಿಂದ ಹೆಸರು ಕೆತ್ತುವವರನ್ನು ನಾವು ಚಿತ್ರಗಾರರ ಪಂಕ್ತಿಯಲ್ಲಿ ಸೇರಿಸುವುದಿಲ್ಲ.)

ಕುಂಚಕ್ಕೆ ಸೂಜಿ ಅಕ್ಕನೋ ತಂಗಿಯೋ ಆಗಬೇಕು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ನೂಲಿನಿಂದಲೇ ಚಿತ್ತಾರವನ್ನು ಬರೆಯುವರು. ಅವರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2023ರ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಸೇರಿದಾಗ 450ಕ್ಕೂ ಹೆಚ್ಚು ಮಂದಿ ಲಂಬಾಣಿ ಮಹಿಳೆಯರ ಕೈಯ 1,755 ಕೆಲಸಗಳನ್ನು ಒಟ್ಟಿಗೆ ಹರಡಿ ಗಿನ್ನೆಸ್ ದಾಖಲೆಯನ್ನು ಮಾಡಿದರು. ದಾಖಲೆ ಹೇಗಾದರೂ ಇರಲಿ, ಕೂಲಿನಾಲಿಯ ದಿನದ ಕೊನೆಗೆ ತಾಂಡಾದ ಜಗುಲಿಯಲ್ಲಿ ಬಣ್ಣದ ನೂಲನ್ನು ಆರಿಸುವ ಕೈಗೆ ಸಂಬಳದ ಹೊರತು ಇನ್ನೇನೋ ಸಿಗುತ್ತಿರಲೇಬೇಕು.

ವಯಸ್ಸಾಯಿತು, ಕಣ್ಣು ಮಂಜಾಯಿತು ಎನ್ನುವವರಿಗೆ ಇಬ್ಬರ ಹೆಸರನ್ನು ಹೇಳುವೆವು. ಫ್ರಾನ್ಸಿನ ಮಾತೀಸ್ 1941ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ನೆಟ್ಟಗೆ ನಿಂತು ಬರೆಯುವ ಶಕ್ತಿಯನ್ನು ಕಳೆದುಕೊಂಡನು. ಆಗ ವಯಸ್ಸು 71. ಸಹಾಯಕರಿಂದ ಕಾಗದಗಳಿಗೆ ಬಣ್ಣ ಹಚ್ಚಿಸಿ, ಹಾಸಿಗೆಯ ಮೇಲೂ ಗಾಲಿಕುರ್ಚಿಯಲ್ಲಿಯೂ ಕುಳಿತು ಕತ್ತರಿಯಿಂದ ಕತ್ತರಿಸಿ ಚಿತ್ರ ಮಾಡತೊಡಗಿದನು; 1954ರಲ್ಲಿ ಸಾಯುವ ತನಕ ಅದೇ ಕೆಲಸ. ಶಾಂತಿನಿಕೇತನದ ಬಿನೋದಬಿಹಾರಿ ಮುಖರ್ಜಿಯವರಿಗೆ ಹುಟ್ಟಿನಿಂದ ಒಂದು ಕಣ್ಣು ಕಾಣದು, ಇನ್ನೊಂದರ ದೃಷ್ಟಿಯೂ ಮಂದ. 1957ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಅದೂ ಹೋಯಿತು. ಅವರು ಬೆರಳುಗಳಿಂದ ಕಾಗದವನ್ನು ಮಡಿಸಿ, ಕತ್ತರಿಸಿ, ಮುಟ್ಟಿ ನೋಡಿ ಚಿತ್ರಗಳನ್ನು ಮಾಡಿದರು. 1972ರಲ್ಲಿ ಕಲಾಭವನದ ಗೋಡೆಗೆ ಮಣ್ಣಿನ ಬಿಲ್ಲೆಗಳ ದೊಡ್ಡದೊಂದು ಚಿತ್ರವನ್ನೇ ರಚಿಸಿದರು.

ನಮ್ಮ ಮನೆಗಳಲ್ಲಿ ಇದಕ್ಕೆ ಇರುವ ವಿಘ್ನ ಕಣ್ಣಿನದಲ್ಲ, ನಾಲಗೆಯದು. ಸೊಸೆಯೊಬ್ಬಳು ಮಧ್ಯಾಹ್ನದಲ್ಲಿ ಅರ್ಧ ಗಂಟೆ ಬಣ್ಣದೊಡನೆ ಕುಳಿತರೆ “ಬೇರೆ ಕೆಲಸವಿಲ್ಲವೇನಮ್ಮ” ಎಂಬ ಮಾತು ಅಡಿಗೆಮನೆಯಿಂದ ಬರುವುದು. ಅಂಗಳದಲ್ಲಿ ಇಪ್ಪತ್ತೊಂದು ಚುಕ್ಕಿಯಿಟ್ಟು ರಂಗವಲ್ಲಿ ಬರೆದಾಗ ಹೊಗಳಿದ ಅತ್ತೆಯವರೇ, ಅದೇ ಕೈ ಕಾಗದದ ಮೇಲೆ ಆಡಿದಾಗ ಮುನಿಯುವುದು ನ್ಯಾಯವಲ್ಲ. ರಂಗವಲ್ಲಿ ಮರುದಿನದ ಗುಡಿಸಿಗೆ ಹೋಗುವುದು, ಇದು ಉಳಿಯುವುದು. ಅತ್ತೆಯವರೂ ಒಂದು ಕುಂಚವನ್ನು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಲಿ ಎಂದು ನಮ್ಮ ಬಿನ್ನಹ. ಯಜಮಾನರು ಬರೆದುದನ್ನು ನೋಡಿ ನಗದಿದ್ದರೆ ಸಾಕು. ಮಕ್ಕಳನ್ನು ತಿದ್ದಲೂ ಹೋಗಬೇಡಿರಿ; ಆನೆಗೆ ಐದು ಕಾಲಿದ್ದರೆ ಅದಕ್ಕೊಂದು ಕಾರಣವಿರುವುದು, ಕೇಳಿದರೆ ಹೇಳುವರು.

ಮೊದಲ ವರ್ಷ ಬರೆದುದನ್ನು ಯಾರಿಗೂ ಕೊಡಬೇಡಿರಿ, ಗೋಡೆಗೂ ತೂಗಹಾಕಬೇಡಿರಿ. ಹಾಳೆಯ ಬೆನ್ನಿಗೆ ತಾರೀಖನ್ನೂ, ಆ ದಿನ ಮನಸ್ಸು ಹೇಗಿತ್ತೆಂಬುದನ್ನು ಒಂದು ಸಾಲಿನಲ್ಲಿಯೂ ಬರೆದು ಪೆಟ್ಟಿಗೆಯ ತಳದಲ್ಲಿ ಹಾಕಿಡಿರಿ. ಹುಳು ಹತ್ತದಂತೆ ನಾಲ್ಕು ಬೇವಿನೆಲೆಗಳನ್ನು ಒಣಗಿಸಿ ನಡುವೆ ಇಡುವುದನ್ನು ಮರೆಯಬೇಡಿರಿ.