ಸೋರುವ ಮಾಳಿಗೆಯೂ ಬಾಡಿಗೆದಾರನ ಹಕ್ಕೂ

ಮಳೆಗಾಲ ಬಂದಿತೆಂದರೆ ಒಕ್ಕಲಿಗನಿಗೆ ಹರ್ಷ. ಹಳೆಯ ಬಾಡಿಗೆಮನೆಯ ಗೃಹಿಣಿಗೆ ಎದೆನಡುಕ. ಮುಂಬಯಿಯ ಗಿರಗಾಂವಿನ ಚಾಳೊಂದರಲ್ಲಿ ವಾಸವಾಗಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಂದ ಕಳೆದ ತಿಂಗಳು ನಮಗೊಂದು ಕಾಗದ ಬಂದಿತು. ಅವನ ತಂದೆಯ ಕಾಲದಿಂದಲೂ ಆ ಸಂಸಾರವು ಅದೇ ಖೋಲಿಯಲ್ಲಿದೆ. ಒಂದು ರಾತ್ರಿ ಮಾಳಿಗೆಯ ಗಾರೆಯು ಕಳಚಿ, ಮಗುವಿನ ತೊಟ್ಟಿಲಿನ ಮಗ್ಗುಲಲ್ಲಿಯೇ ಬಿದ್ದಿತಂತೆ. "ಪೂಜ್ಯ ಗುರುಗಳೇ, ಮಾಲಿಕರಿಗೆ ಹತ್ತು ಸಲ ಹೇಳಿಯಾಯಿತು, ಅವರು ಕಿವಿಗೆ ಹಾಕಿಕೊಳ್ಳಲೊಲ್ಲರು. ನೆರೆಹೊರೆಯವರೆಲ್ಲರೂ ಬಾಡಿಗೆ ಕೊಡುವುದನ್ನೇ ನಿಲ್ಲಿಸಿಬಿಡೋಣವೆನ್ನುತ್ತಾರೆ. ತಾವು ಏನು ಅಪ್ಪಣೆ ಕೊಡಿಸುವಿರಿ?" ಎಂದು ಅವನು ಕೇಳಿದ್ದನು.

ನಾವು ವಕೀಲರಲ್ಲ. ಆದರೂ ಕಾಯಿದೆಯ ಪುಸ್ತಕವನ್ನು ತರಿಸಿ ಓದಿದೆವು. ತಿಳಿದ ಮಿತ್ರರೊಬ್ಬರನ್ನೂ ಕೇಳಿದೆವು. ದಕ್ಷಿಣ ಕನ್ನಡದಿಂದಲೂ ಧಾರವಾಡದ ಕಡೆಯಿಂದಲೂ ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಹೋಗಿ ಅಲ್ಲಿಯೇ ನೆಲೆನಿಂತ ನಮ್ಮವರು ಅನೇಕರಿರುವುದರಿಂದ, ಅವನಿಗೆ ಬರೆದ ಉತ್ತರದ ಸಾರವನ್ನು ವಾಚಕರ ಮುಂದೆಯೂ ಇಡುವೆವು.

ಮೊದಲು ಮಾಲಿಕನ ಪಕ್ಷವನ್ನೂ ಕೇಳುವುದು ನ್ಯಾಯ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಲ್ಲಿದ್ದ ಮಟ್ಟಕ್ಕೇ ಕಟ್ಟಿಹಾಕಿತು. ಅಕ್ಕಿಯ ಬೆಲೆ ಏರಿತು, ಗಾರೆಯ ಬೆಲೆ ಏರಿತು, ಕೂಲಿ ಏರಿತು. ಬಾಡಿಗೆ ಮಾತ್ರ ಏರಲಿಲ್ಲ. ಈ ಏರ್ಪಾಡು ಯುಕ್ತವಲ್ಲವೆಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತರುವಾಯ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ್ 31ರಿಂದ ಜಾರಿಗೆ ಬಂದು, ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆಯನ್ನೇರಿಸಲು ಅನುಮತಿಯನ್ನಿತ್ತಿತು. ಮಾಲಿಕನ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ದೂರಿನಲ್ಲಿ ಹುರುಳಿದೆಯೆಂದು ಗೆದ್ದಲು ತಿಂದ ತೊಲೆಯು ನಿಲ್ಲುವುದಿಲ್ಲ. 2017ರ ಆಗಸ್ಟ್ 31ರಂದು ಮುಂಬಯಿಯ ಪಾಕ್‌ಮೋಡಿಯಾ ಬೀದಿಯಲ್ಲಿ ಹಳೆಯ ಕಟ್ಟಡವೊಂದು ಕುಸಿದು 33 ಜನರು ಮಡಿದರು. ವಿಷಯವು ಬರಿಯ ಹಣದ್ದಲ್ಲ, ಪ್ರಾಣದ್ದು.

ಇನ್ನು ನೆರೆಹೊರೆಯವರ ಸಲಹೆ. ಬಾಡಿಗೆಯನ್ನು ನಿಲ್ಲಿಸುವುದು ತನ್ನ ಕೈಯಿಂದಲೇ ತನ್ನ ಕಾಲಿಗೆ ಕೊಡಲಿ ಹಾಕಿಕೊಂಡಂತೆ. ಬಾಡಿಗೆಯನ್ನು ಕೊಡುತ್ತಿರುವವನನ್ನೂ, ಕೊಡಲು ಸಿದ್ಧನಾಗಿರುವವನನ್ನೂ ಬಾಕಿಯ ನೆಪದಿಂದ ಹೊರಡಿಸಲಾಗದೆಂಬುದೇ ಆ ಕಾಯಿದೆಯ ಅಭಯ. ಬಾಕಿದಾರನಾದವನಿಗೂ ಎರಡು ಅವಕಾಶಗಳುಂಟು: ಮಾಲಿಕನು ಲಿಖಿತ ನೋಟೀಸು ಕೊಟ್ಟು 90 ದಿನಗಳು ಕಳೆಯದೆ ದಾವೆ ಹೂಡಲಾಗದು, ದಾವೆಯ ಸಮನ್ಸು ಬಂದ ಮೇಲೆಯೂ 90 ದಿನಗಳೊಳಗೆ ಬಾಕಿಯನ್ನು ನೂರಕ್ಕೆ ಹದಿನೈದರ ಬಡ್ಡಿಯೊಡನೆಯೂ ದಾವೆಯ ಖರ್ಚಿನೊಡನೆಯೂ ಕಟ್ಟಿ ಮನೆಯನ್ನುಳಿಸಿಕೊಳ್ಳಬಹುದು. ಆದರೆ ಈ ಗಡುವು ತಪ್ಪಿದರೆ, ರಿಪೇರಿ ಮಾಡದಿದ್ದ ಮಾಲಿಕನು ಗೆಲ್ಲುವನು. ಸೋರುವ ಮನೆಯಲ್ಲಿ ನೊಂದವನು ಬೀದಿಗೆ ಬೀಳುವನು. ಆದುದರಿಂದ ಬಾಡಿಗೆಯನ್ನು ತಪ್ಪದೆ ಕೊಡತಕ್ಕದ್ದು. ರಸೀದಿಯನ್ನು ಕೇಳಿ ಪಡೆಯತಕ್ಕದ್ದು. ಮಾಲಿಕನು ತೆಗೆದುಕೊಳ್ಳಲೊಲ್ಲದಿದ್ದರೆ, ಕಳುಹಿಸಿದ ಗುರುತು ಉಳಿಯುವಂತೆ ಬ್ಯಾಂಕಿನ ಮೂಲಕ ಕಳುಹಿಸತಕ್ಕದ್ದು.

ಹಾಗಾದರೆ ಮಾಡುವುದೇನು? ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರದಲ್ಲಿ ಮೂರು ಪ್ರಮಾಣಗಳನ್ನು ಹೇಳಿದ್ದಾರೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದಿಟ್ಟ ಪತ್ರ, ಅನುಭೋಗ, ಕಂಡು ಹೇಳುವವರು ಎಂದು ಅರ್ಥ. ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ವಿವರಿಸಿದ ಈ ತ್ರಯವು ಇಂದಿನ ಬಾಡಿಗೆದಾರನಿಗೂ ಊರುಗೋಲಾಗಿರುವುದು.

ಮೊದಲನೆಯದು ಲಿಖಿತ. ಹತ್ತು ಸಲ ಬಾಯಲ್ಲಿ ಹೇಳಿದ್ದು ನ್ಯಾಯಸ್ಥಾನದಲ್ಲಿ ಒಂದು ಸಲವೂ ಹೇಳಿದಂತಾಗದೆ ಹೋಗಬಹುದು. 1999ರ ಕಾಯಿದೆಯ 14ನೆಯ ಕಲಮಿನಂತೆ, ಬಾಡಿಗೆದಾರನು ಬೇರೆ ಕರಾರು ಬರೆದುಕೊಟ್ಟಿಲ್ಲದಿದ್ದರೆ, ಮನೆಯನ್ನು ವಾಸಯೋಗ್ಯವಾಗಿ ದುರಸ್ತಿಯಲ್ಲಿಡುವುದು ಮಾಲಿಕನ ಕರ್ತವ್ಯ. ನೋಟೀಸು ತಲುಪಿ 15 ದಿನಗಳಾದರೂ ಅವನು ಸುಮ್ಮನಿದ್ದರೆ, ಬಾಡಿಗೆದಾರನೇ ರಿಪೇರಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ನೋಟೀಸಿನಲ್ಲಿ ಬಿರುನುಡಿ ಬೇಡ. ಯಾವ ಕೋಣೆ, ಯಾವ ಗೋಡೆ, ಎಂದಿನಿಂದ ಸೋರುತ್ತಿದೆ, ಏನು ಬಿದ್ದಿತು ಎಂಬಿಷ್ಟನ್ನು ತಾರೀಖಿನೊಡನೆ ಬರೆದು, ಛಾಯಾಚಿತ್ರಗಳನ್ನಿಟ್ಟು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಡತಕ್ಕದ್ದು.

ಎರಡನೆಯದು ಸಾಕ್ಷಿ. ಇಲ್ಲಿ ಕಾಯಿದೆಯು ಬಾಡಿಗೆದಾರನಿಗೆ ಮಹೋಪಕಾರವನ್ನು ಮಾಡಿದೆ. ಅವನು ಇಟ್ಟ ಲೆಕ್ಕವೂ ಅದರೊಡನಿರುವ ಬಿಲ್ಲುಗಳೂ ರಿಪೇರಿಯ ಖರ್ಚಿಗೆ ನಿರ್ಣಾಯಕ ಪುರಾವೆಗಳು. ಮಾಲಿಕನು ಅವುಗಳಿಗೆ ಬದ್ಧನು. ಆದರೆ ಒಂದು ಮಿತಿಯುಂಟು: ಯಾವ ವರ್ಷದಲ್ಲಿಯೂ ಆ ವರ್ಷದ ಬಾಡಿಗೆಯ ಕಾಲುಭಾಗಕ್ಕಿಂತ ಹೆಚ್ಚು ಹಿಡಿಯಕೂಡದು. ತಿಂಗಳಿಗೆ 400 ರೂಪಾಯಿ ಬಾಡಿಗೆಯೆಂದರೆ ವರ್ಷಕ್ಕೆ 4,800. ಅದರ ಕಾಲುಭಾಗ 1,200. ಈ ಹಣದಿಂದ ಏನಾದೀತೆಂದು ವಾಚಕರು ನಗಬಹುದು. ಆದರೆ ಇಪ್ಪತ್ತು ಮನೆಗಳವರು ಕೂಡಿ ಒಂದೇ ನೋಟೀಸು ಕೊಡಲು ಅದೇ ಕಲಮು ಅವಕಾಶವನ್ನಿತ್ತಿದೆ. ಇಪ್ಪತ್ತು ಮನೆಗಳಿಂದ 24,000 ಆಗುವುದು. ಒಂದು ಮಳೆಗಾಲಕ್ಕೆ ಸೋರುವೆಡೆಗಳನ್ನು ಮುಚ್ಚಿಸಲು ಇದು ಸಾಲಬಹುದು. ಖರ್ಚನ್ನು ಹಿಡಿದ ತಿಂಗಳು ಉಳಿದ ಬಾಡಿಗೆಯೊಡನೆ ಲೆಕ್ಕದ ಪ್ರತಿಯನ್ನೂ ಮಾಲಿಕನಿಗೆ ಕಳುಹಿಸತಕ್ಕದ್ದು. ಇಲ್ಲವಾದರೆ ಅದೇ ಬಾಕಿಯೆಂದು ಎಣಿಸಲ್ಪಟ್ಟೀತು.

ತೊಲೆ, ಕಂಬ, ಮೆಟ್ಟಲುಗಳೇ ಶಿಥಿಲವಾಗಿದ್ದರೆ ಇದು ಸಾಲದು. ಮುಂಬಯಿಯ ಹಳೆಯ ನಗರಭಾಗದಲ್ಲಿ 1969ರ ಸೆಪ್ಟೆಂಬರ್ 30ಕ್ಕೆ ಮೊದಲು ಕಟ್ಟಿದ ಬಾಡಿಗೆಯ ಕಟ್ಟಡಗಳ ಮೇಲೆ ಸೆಸ್ ಎಂಬ ತೆರಿಗೆಯುಂಟು. ಅವುಗಳ ಮುಖ್ಯ ರಿಪೇರಿಗಾಗಿ ಏರ್ಪಟ್ಟ ಮಂಡಳಿಯು ಈಗ ಮ್ಹಾಡಾ ಸಂಸ್ಥೆಯ ಅಂಗವಾಗಿದೆ. ಅಲ್ಲಿ ಅರ್ಜಿ ಕೊಡಬಹುದು. ಖರ್ಚು ಗೊತ್ತಾದ ಮಿತಿಯನ್ನು ಮೀರಿದರೆ ಹೆಚ್ಚಿನದನ್ನು ನಿವಾಸಿಗಳು ಭರಿಸಬೇಕಾದೀತು, ಅಥವಾ ಕಟ್ಟಡವು ರಿಪೇರಿಗೆ ಮೀರಿದ್ದೆಂದು ತೀರ್ಮಾನವಾದೀತು. ಅಪಾಯವು ಕಣ್ಣಿಗೆ ಕಾಣುವಂತಿದ್ದರೆ ಮಹಾನಗರಪಾಲಿಕೆಗೆ ಬರೆಯತಕ್ಕದ್ದು. ಅಪಾಯಕರವಾದ ಕಟ್ಟಡವನ್ನು ಭದ್ರಪಡಿಸಲು ಅಥವಾ ಕೆಡಹಲು ಆಜ್ಞಾಪಿಸುವ ಅಧಿಕಾರವು ಪಾಲಿಕೆಗಿದೆ.

ಮೂರನೆಯದಾದ ಭುಕ್ತಿಯ ವಿಷಯದಲ್ಲಿಯೇ ಬಡಸಂಸಾರಗಳು ಪ್ರಾಣವನ್ನು ಪಣವಾಗಿಡುವುದು. "ಒಂದು ಸಲ ಹೊರಗೆ ಕಾಲಿಟ್ಟರೆ ಮನೆ ಹೋಯಿತು" ಎಂಬ ಭಯದಿಂದ, ಬಿರುಕುಬಿಟ್ಟ ಗೋಡೆಯ ಕೆಳಗೇ ಮಲಗುವವರುಂಟು. ಆ ಭಯವನ್ನು ಬಹುಮಟ್ಟಿಗೆ ಬಿಡಬಹುದು. ಬಾಡಿಗೆಯ ಹಕ್ಕು ಗೋಡೆಗಳಿಗೆ ಮಾತ್ರ ಸೇರಿದ್ದಲ್ಲ, ನೆಲಕ್ಕೂ ಸೇರಿದ್ದು. ಕಟ್ಟಡವನ್ನು ಪಾಲಿಕೆಯು ಕೆಡಹಿತೆಂಬ ಮಾತ್ರಕ್ಕೆ ಅದು ಅಳಿಯದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆದರೆ ಹೊರಡುವ ಮುನ್ನ ಖೋಲಿಯ ಅಳತೆಯನ್ನೂ ನಿವಾಸಿಗಳ ಹೆಸರುಗಳನ್ನೂ ಪಾಲಿಕೆಯ ಕಡೆಯಿಂದ ಬರಹದಲ್ಲಿ ಪಡೆಯತಕ್ಕದ್ದು. ಬಾಡಿಗೆಯ ರಸೀದಿ, ವಿದ್ಯುತ್ತಿನ ಬಿಲ್ಲು, ಪಡಿತರ ಚೀಟಿಗಳನ್ನು ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳತಕ್ಕದ್ದು. ಪಾತ್ರೆಪಡಗಗಳು ಆಮೇಲೆ.

ರಿಪೇರಿಯನ್ನು ಕೇಳಿದ ಸಿಟ್ಟಿಗೆ ಮಾಲಿಕನು ನೀರನ್ನೋ ಮೆಟ್ಟಲಿನ ದೀಪವನ್ನೋ ನಿಲ್ಲಿಸಿದರೆ, 29ನೆಯ ಕಲಮು ಅದನ್ನು ನಿಷೇಧಿಸಿದೆ. ಮುಂಬಯಿಯ ಸ್ಮಾಲ್ ಕಾಜಸ್ ಕೋರ್ಟಿನಲ್ಲಿ ಅರ್ಜಿ ಕೊಟ್ಟು ಮತ್ತೆ ಪಡೆಯಬಹುದು.

ಎರಡು ಎಚ್ಚರಿಕೆಗಳನ್ನು ಸೇರಿಸುವೆವು. ಹನ್ನೊಂದು ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಪತ್ರದ ಮೇಲೆ ಇರುವವರು ಈ ಕಾಯಿದೆಯ ಬಾಡಿಗೆದಾರರಲ್ಲ. ಅವರಿಗೆ ಪತ್ರದಲ್ಲಿ ಬರೆದಿರುವುದೇ ಆಧಾರ. ನಮ್ಮ ಕರ್ನಾಟಕದಲ್ಲಿಯೂ ಸ್ಥಿತಿಯು ಬೇರೆಯೇ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯಿದೆಯ ಹೊರಗಿವೆ. ಅಂಥವರು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮನ್ನು ನೋಡಬೇಕು. ಅಲ್ಲಿಯೂ ನೋಟೀಸು ಕೊಟ್ಟು, ರಿಪೇರಿ ಮಾಡಿಸಿ, ಖರ್ಚನ್ನು ಬಡ್ಡಿಯೊಡನೆ ಹಿಡಿಯುವ ಹಕ್ಕುಂಟು. ಆದರೆ ಮಾಲಿಕನು ಮಾಡಲು ಬದ್ಧನಾಗಿರುವ ರಿಪೇರಿಗೆ ಮಾತ್ರ. ಆದುದರಿಂದ ಮನೆಯನ್ನು ಹಿಡಿಯುವ ದಿನವೇ, ಯಾವ ರಿಪೇರಿ ಯಾರದೆಂಬುದನ್ನು ಕರಾರುಪತ್ರದಲ್ಲಿ ಬರೆಯಿಸತಕ್ಕದ್ದು. ಮುಂಗಡ ಹಣವನ್ನು ಎಣಿಸಿ ಕೊಡುವ ಕೈಗೆ, ಎರಡು ಸಾಲು ಹೆಚ್ಚಾಗಿ ಬರೆಯಿಸುವುದು ಭಾರವೇ?

ಶಿಷ್ಯನ ಮರುಕಾಗದವು ಮೊನ್ನೆ ಬಂದಿತು. ಚಾಳಿನ ಇಪ್ಪತ್ತು ಮನೆಗಳವರೂ ರುಜು ಹಾಕಿ ನೋಟೀಸು ಕಳುಹಿಸಿದ್ದಾರಂತೆ. ಬಾಡಿಗೆಯನ್ನು ಯಾರೂ ನಿಲ್ಲಿಸಿಲ್ಲ. ಹದಿನೈದು ದಿನಗಳು ಇನ್ನೂ ತುಂಬಿಲ್ಲ. ಮಾಲಿಕನು ಏನು ಮಾಡುವನೋ ಕಾಣಬೇಕು. ಅಷ್ಟರ ತನಕ ಹೆಂಡತಿಯನ್ನೂ ಮಗುವನ್ನೂ ಅಕ್ಕನ ಮನೆಗೆ ಕಳುಹಿಸಿರುವೆನೆಂದು ಅವನು ಬರೆದಿದ್ದಾನೆ. ಕಾಯಿದೆಯು ಬರುವಾಗ ನಿಧಾನವಾಗಿ ಬರುವುದು. ಗಾರೆಯು ಬೀಳುವಾಗ ಕ್ಷಣವೂ ಹಿಡಿಯದು. ಅವನು ಮೊದಲು ತೊಟ್ಟಿಲನ್ನು ಸ್ಥಳಾಂತರಿಸಿ ಆಮೇಲೆ ಲೇಖನಿಯನ್ನು ಹಿಡಿದುದು ನಮಗೆ ಸಂತೋಷವನ್ನುಂಟುಮಾಡಿತು.