ಕಿವಿಗೆ ಕಾಣುವ ಕಥೆ

ಕಾದಂಬರಿಯ ಹುಚ್ಚು ಹತ್ತಿಸಿಕೊಂಡವರಿಗೆ ಕಣ್ಣು ಮಂಜಾದರೆ ಆಗುವ ಸಂಕಟ, ಆ ಹುಚ್ಚಿಲ್ಲದವರಿಗೆ ಅರ್ಥವಾಗೋದು ಕಷ್ಟ. ನಮ್ಮ ಅಕ್ಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಎರಡು ವರ್ಷದಿಂದ ಅವಳಿಗೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. “ಸ್ವಲ್ಪ ಓದಿ ಹೇಳ್ತೀಯೇನೇ?” ಅಂತ ಕೇಳೋದಕ್ಕೂ ಸಂಕೋಚ. ಇಂಥವರು ನಿಮ್ಮ ಮನೆಯಲ್ಲೂ ಇರಬಹುದು. ಈ ಸಲದ ಮಾತು ಅವರಿಗಾಗಿ.

ಒಬ್ಬರೇ ಓದಿ ಹೇಳುವ ಧ್ವನಿಪುಸ್ತಕ ಬೇರೆ, ಹತ್ತಾರು ನಟರು ಸೇರಿ ಆಡುವ ಧ್ವನಿನಾಟಕ ಬೇರೆ. ಆಕಾಶವಾಣಿಯ ನಾಟಕ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾವಿರ ಪುಟದ, ನೂರಾರು ಹೆಸರುಗಳ ಅದ್ಭುತಲೋಕದ ಕಥೆಯನ್ನು ಹೀಗೆ ಆಡಿಸೋದು ಹುಡುಗಾಟವಲ್ಲ.

ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯನ್ನೇ ತಗೊಳ್ಳಿ. 1955-56ರಲ್ಲಿ ಬಿಬಿಸಿ ರೇಡಿಯೊ ಅದನ್ನು 12 ಕಂತುಗಳಲ್ಲಿ ಮುಗಿಸಿತು. ಮೊದಲ ಸಂಪುಟಕ್ಕೆ ಆರು ಕಂತು, ಉಳಿದೆರಡು ಸಂಪುಟಕ್ಕೂ ಸೇರಿ ಆರೇ! ಬರೆದವರಿಗೇ ಅದು ಹಿಡಿಸಲಿಲ್ಲ. ಹೇಗೆ ಹಿಡಿಸೀತು? ಮದುವೆ ಊಟವನ್ನು ಟಿಫಿನ್ ಡಬ್ಬಿಗೆ ತುರುಕಿದ ಹಾಗಾಯಿತು.

1981ರಲ್ಲಿ ಬಿಬಿಸಿ ಮತ್ತೆ ಕೈಹಾಕಿತು. ಈ ಸಲ ವಾರಕ್ಕೊಂದರಂತೆ ಅರ್ಧ ಗಂಟೆಯ 26 ಕಂತು. ರೂಪಾಂತರ ಬ್ರಯಾನ್ ಸಿಬ್ಲಿ ಮತ್ತು ಮೈಕೆಲ್ ಬೇಕ್‌ವೆಲ್ ಅವರದು. ನಿರ್ದೇಶನ ಜೇನ್ ಮಾರ್ಗನ್ ಮತ್ತು ಪೆನ್ನಿ ಲೆಸ್ಟರ್. ಹೌದ್ರೀ, ನಿರ್ದೇಶಕರಿಬ್ಬರೂ ಹೆಂಗಸರು! ಕಥೆಯಲ್ಲಿ ಹೆಣ್ಣುಪಾತ್ರಗಳು ಬೆರಳೆಣಿಕೆಯಷ್ಟು. ಅಷ್ಟೂ ಗಂಡಸರನ್ನು ಮೈಕಿನ ಮುಂದೆ ಪಳಗಿಸಿದವರು ಇವರು. ಫ್ರೋಡೊ ಆಗಿ ದನಿ ಕೊಟ್ಟ ಇಯಾನ್ ಹೋಮ್, ಇಪ್ಪತ್ತು ವರ್ಷದ ಮೇಲೆ 2001ರ ಸಿನಿಮಾದಲ್ಲಿ ಮುದುಕ ಬಿಲ್ಬೊ ಆಗಿ ಬಂದರು. ಕಥೆಯಲ್ಲಿ ಕೆಲವು ಭಾಗ ಬಿಟ್ಟಿದ್ದಾರೆ. ಟಾಮ್ ಬಾಂಬಡಿಲ್ ಪಾತ್ರವೇ ಇಲ್ಲ. ನನಗೇನೂ ಕೊರತೆ ಅನ್ನಿಸಲಿಲ್ಲ, ಅಕ್ಕನಿಗೆ ಮಾತ್ರ ಕೋಪ.

ಗಾಲಮ್‌ನ ವಿಷಯ ಹೇಳಲೇಬೇಕು. ಉಂಗುರದ ಆಸೆಯಲ್ಲಿ ಬೆಂದು ಸೊರಗಿದ ಪ್ರಾಣಿ. ಅವನೊಳಗೇ ಇಬ್ಬರು. ಒಬ್ಬ ಅಂಗಲಾಚುತ್ತಾನೆ, ಇನ್ನೊಬ್ಬ ಹೊಂಚುಹಾಕುತ್ತಾನೆ, ಇಬ್ಬರಿಗೂ ಜಗಳ. ಪೀಟರ್ ವುಡ್‌ಥಾರ್ಪ್ ಒಂದೇ ಗಂಟಲಲ್ಲಿ ಇಬ್ಬರನ್ನೂ ಆಡಿಸುತ್ತಾರೆ. ಹುರಳೀಕಾಯಿ ನಾರು ತೆಗೆಯುತ್ತಾ ಕೇಳ್ತಿದ್ದ ಅಕ್ಕ ಕೈ ನಿಲ್ಲಿಸಿ “ಅಯ್ಯೋ, ಪಾಪ ಕಣೇ” ಅಂದಳು. ಹಿಂದೆ ಓದಿದಾಗ ಅವಳಿಗೆ ಅವನನ್ನು ಕಂಡರೆ ಅಸಹ್ಯವಾಗಿತ್ತಂತೆ. ಕಣ್ಣಿಗೆ ಕಾಣದ್ದು ಕಿವಿಗೆ ಕಂಡಿತು. ಅದಕ್ಕಿಂತ ನನಗೆ ಹೆಚ್ಚೆನಿಸಿದ್ದು, ಅವತ್ತು ಅವಳು ಯಾರನ್ನೂ ಕಾಯದೆ, ಯಾರ ಹಂಗೂ ಇಲ್ಲದೆ ಒಂದು ಕಥೆಗೆ ಕೂತಿದ್ದಳು.

ಅಮೆರಿಕದ ಗ್ರಾಫಿಕ್ ಆಡಿಯೊ ಸಂಸ್ಥೆ ಬ್ರಾಂಡನ್ ಸ್ಯಾಂಡರ್ಸನ್ ಅವರ ಕಾದಂಬರಿಗಳನ್ನೂ ಹೀಗೇ ಆಡಿಸಿದೆ. ಸಂಗೀತ, ಕತ್ತಿಯ ಸದ್ದು, ಗದ್ದಲ ಎಲ್ಲ ಸಿನಿಮಾದ ಹಾಗೆ. ಹುಡುಗರಿಗೆ ಖುಷಿ. ನನ್ನ ಕಿವಿಗೆ ಮಸಾಲೆ ಒಂದು ಹಿಡಿ ಜಾಸ್ತಿ ಅನ್ನಿಸಿತು. ದೊಡ್ಡ ಪುಸ್ತಕವನ್ನು ಹಲವು ಭಾಗ ಮಾಡಿ ಮಾರುತ್ತಾರೆ. ದುಡ್ಡು ಕೊಡುವ ಮೊದಲು ಒಟ್ಟು ಎಷ್ಟು ಭಾಗ ಅಂತ ನೋಡಿಕೊಳ್ಳಿ.

ಮನೆಯ ಹಿರಿಯರಿಗೆ ಹಾಕಿಕೊಡುವುದಾದರೆ, ಮೊದಲ ದಿನ ಪಕ್ಕದಲ್ಲಿ ಕೂತು ಯಾವ ದನಿ ಯಾರದು ಅಂತ ಹೇಳಿಕೊಡಿ. ಪುಸ್ತಕದ ಹಾಗೆ ಹಿಂದಿನ ಪುಟ ತಿರುವಿ ನೋಡೋಕಾಗಲ್ಲವಲ್ಲ. ಕಂತು ನಿಲ್ಲಿಸೋದು, ಹಿಂದಕ್ಕೆ ಸರಿಸೋದು ಹೇಗೆ ಅನ್ನೋದನ್ನು ಅವರ ಕೈಯಲ್ಲೇ ಮಾಡಿಸಿ. ನೀವೇ ಮಾಡಿಕೊಟ್ಟರೆ ಮತ್ತೆ ನಿಮ್ಮನ್ನೇ ಕಾಯಬೇಕು. ದಿನಕ್ಕೆ ಒಂದೋ ಎರಡೋ ಕಂತು ಸಾಕು. ಕುಕ್ಕರ್ ಕೂಗುವ ಹೊತ್ತಿನಲ್ಲಂತೂ ಬೇಡ, ಗಾಲಮ್‌ನ ಪಿಸುಮಾತೆಲ್ಲ ಸೀಟಿಯಲ್ಲಿ ಕೊಚ್ಚಿಹೋಗುತ್ತೆ.